ಗೇಟಿನ ಗೋಡೆಯ ಮೇಲೆ ಮೂರು ಕುಂಡ

ಫೆಬ್ರುವರಿ 9

ಸೂಜೀ,

ಏಳು ಸಲ ಫೋನ್ ಮಾಡಿದೆ. ಏಳು ಸಲವೂ ನೀನು ಎತ್ತಲಿಲ್ಲ. ಎಂಟನೆಯ ಸಲಕ್ಕೆ ನಿನ್ನ ದೊಡ್ಡಪ್ಪ ಫೋನ್ ಕಿತ್ತುಕೊಂಡು, "ನಿಲ್ಲದೇ ಇರೋ ಬಸ್ಸಿಗೆ ಎಷ್ಟು ಹೊತ್ತು ಕೈ ಅಡ್ಡ ಹಾಕ್ತೀಯೇ? ಕಾಗದ ಬರಿ" ಎಂದರು. ಬಸ್ಸು ಓಡಿಸುವುದನ್ನು ಬಿಟ್ಟು ಹತ್ತು ವರ್ಷವಾದರೂ ಅವರ ಮಾತು ಇನ್ನೂ ಸ್ಟೇರಿಂಗ್ ಹಿಡಿದೇ ಇದೆ, ನಿನಗೆ ಗೊತ್ತಲ್ಲ. ಕಾಗದಕ್ಕೆ ಒಂದು ಅನುಕೂಲವೂ ಉಂಟು, ಮಧ್ಯದಲ್ಲಿ ಬಾಯಿ ಹಾಕಲು ಆಗುವುದಿಲ್ಲ. ಹರಿದು ಹಾಕಬಹುದು. ಅದು ನಿನ್ನಿಷ್ಟ.

ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರಿದ್ದೀಯೆಂದು ನಿನ್ನಮ್ಮ ಹೇಳಿದಳು. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ ಮಡಚುತ್ತೀಯಂತೆ. ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಮಡಚಲು ಕಲಿಸಿದವಳು ನಾನೇ ತಾನೆ, ಸೂಜಿ ಎಂಬ ಹೆಸರೂ ಅಲ್ಲೇ ಬಂದದ್ದು.

ನೀನು ಹೋಗಿ ಐದು ತಿಂಗಳಾಯಿತು. ಇಲ್ಲಿನದು ಏನು ಬರೆಯಲಿ? ನಿನ್ನೆಯ ಒಂದು ದಿನವನ್ನೇ ಬರೆಯುತ್ತೇನೆ, ಉಳಿದ ದಿನಗಳೂ ಹೆಚ್ಚು ಕಡಿಮೆ ಅದೇ.

ಬೆಳಿಗ್ಗೆ ಆರಕ್ಕೆ ದೊಡ್ಡಪ್ಪ ಬಾತುಗಳ ಮನೆಯ ಬಾಗಿಲು ತೆಗೆದರು. ಹದಿನೇಳು ಬಾತುಗಳು ಒಂದರ ಮೇಲೊಂದು ಬಿದ್ದು ಹೊರಗೆ ಬರುವಾಗ ಪಕ್ಕಕ್ಕೆ ನಿಂತು, "ನೂಕಬೇಡಿ, ನೂಕಬೇಡಿ. ಇಳಿಯೋರು ಮೊದ್ಲು ಇಳೀರಿ" ಎಂದು ಕೂಗುತ್ತಾರೆ. ಕೊನೆಗೆ ಅವರು ಕಂಡಕ್ಟರ್ ಎಂದು ಕರೆಯುವ ಗಂಡು ಬಾತು ಗಂಭೀರವಾಗಿ ಇಳಿಯುತ್ತದೆ. ಎಲೆಕೋಸಿನ ಸಾಲಿಗೆ ಬಿಟ್ಟರೆ ಎಂಟು ಗಂಟೆಯ ಹೊತ್ತಿಗೆ ಒಂದು ಬಸವನಹುಳವೂ ಉಳಿದಿರುವುದಿಲ್ಲ. ಅಷ್ಟರಲ್ಲಿ ಅವು ಎಲೆಕೋಸಿನ ರುಚಿಯನ್ನೂ ನೋಡಲು ಶುರು ಮಾಡುತ್ತವೆ, ಆಗ ಕೆರೆಗೆ ಅಟ್ಟಬೇಕು. ಐದು ನಿಮಿಷ ತಡವಾದರೆ ಹುಳವೂ ಇಲ್ಲ, ಕೋಸೂ ಇಲ್ಲ.

ಆಮೇಲೆ ಗೊಬ್ಬರದ ಗುಡ್ಡೆ. ಒಳಗೆ ನೆಟ್ಟಿದ್ದ ಕಬ್ಬಿಣದ ಸರಳನ್ನು ಹಿರಿದು ಹಿಡಿದೆ, ಮೂರು ಎಣಿಸುವುದರೊಳಗೆ ಕೈ ಬಿಡಬೇಕಾಯಿತು. ಚೆನ್ನಾಗಿ ಬೇಯುತ್ತಿದೆ. ಮಗುಚಬೇಕಿತ್ತು. ಎಡಗಡೆಯ ಅರ್ಧ ಮಗುಚಿದೆ. ಬಲಗಡೆಯದು ಯಾವಾಗಲೂ ನಿನ್ನ ಪಾಲು, ಅದು ಹಾಗೇ ಉಳಿಯಿತು. ಮಂಡಿ ಈಗ ಅರ್ಧ ಗುಡ್ಡೆಗೆ ಮಾತ್ರ ಒಪ್ಪುತ್ತದೆ.

ಬಚ್ಚಲ ನೀರು ಸೋಸುವ ಜೊಂಡಿನ ಹೊಂಡವನ್ನು ಕೆರೆದು, ಒಣಗಿದ ಜೊಂಡು ಕೊಯ್ದೆ. ಕೆಸರಿನಲ್ಲಿ ಒಂದು ಹಳದಿ ಗುಂಡಿ ಸಿಕ್ಕಿತು. ನಿನ್ನ ಕೆಲಸದ ಕೋಟಿನದು. ಕೋಟು ಇಲ್ಲೇ ಮೊಳೆಗೆ ನೇತು ಹಾಕಿದೆ, ಬಿಟ್ಟು ಹೋಗಿದ್ದೀಯ. ಮಧ್ಯಾಹ್ನ ಊಟ ಮಾಡಿ ಅಂಜೂರದ ಗಿಡದ ಒಣಕೊಂಬೆ ಕತ್ತರಿಸಿದೆವು. ದೊಡ್ಡಪ್ಪ ಏಣಿ ಹಿಡಿದರು, ನಾನು ಬೈದೆ. ಅವರು ಹತ್ತಿದರು, ಆಗಲೂ ಬೈದೆ. ಜೇನುಪೆಟ್ಟಿಗೆಗೆ ಇರುವೆ ಹತ್ತದ ಹಾಗೆ ಅದರ ಕಾಲುಗಳ ಕೆಳಗಿನ ಬಟ್ಟಲುಗಳಿಗೆ ನೀರು ತುಂಬಿಸಿದೆವು. ಸಂಜೆ ಜಗಲಿಯಲ್ಲಿ ಕುಂಬಳದ ಬೀಜ ಆರಿಸುತ್ತ ಕೂತೆ. ಜೊಳ್ಳು ಒಂದು ಕಡೆ, ಗಟ್ಟಿ ಒಂದು ಕಡೆ.

ಕೆಳಗಿನ ನಾಲ್ಕು ಮಡಿಗಳ ಕಡೆ ಮಾತ್ರ ಹೋಗಲಿಲ್ಲ. ಹೋಗುವುದೂ ಇಲ್ಲ.

ನಡೆದದ್ದು ನಡೆದುಹೋಯಿತು ಮಗಳೇ. ಕುದುರೆ ಲಾಯದ ಗೊಬ್ಬರವನ್ನು ನೀನು ತಂದದ್ದು ಒಳ್ಳೆಯ ಮನಸ್ಸಿನಿಂದಲೇ. ಆ ಕುದುರೆಗಳು ಕಳೆನಾಶಕ ಹೊಡೆದ ಹುಲ್ಲು ತಿಂದಿದ್ದವು, ಆ ವಿಷ ಲದ್ದಿಯಲ್ಲೂ ಉಳಿದಿತ್ತು ಎಂದು ನಿನಗೇನು ಕನಸು ಬಿದ್ದಿತ್ತೆ? ಟೊಮೆಟೊ, ಬೀನ್ಸ್ ಎಲ್ಲ ಮುಷ್ಟಿ ಹಿಡಿದ ಹಾಗೆ ಎಲೆ ಮುದುಡಿಕೊಂಡು ಸತ್ತಾಗ ನನ್ನ ತಲೆ ಕೆಟ್ಟಿತು. ಹದಿನೆಂಟು ವರ್ಷ ಕಟ್ಟಿದ ಮಣ್ಣು ಅದು. ಶನಿವಾರ ತೋಟದ ಕೆಲಸ ಕಲಿಯಲು ಬಂದವರ ಎದುರಿಗೆ ಬೈದದ್ದು ಹೆಚ್ಚಾಯಿತು ಎಂದು ಒಪ್ಪುತ್ತೇನೆ. ಆದರೆ ಈಗ ನಾನು ನಿನ್ನನ್ನು ಕ್ಷಮಿಸಿದ್ದೇನೆ. ಈ ಜಾಗ ನಮ್ಮಿಬ್ಬರ ನಂತರ ನಿನ್ನದೇ ಎಂದು ನಾವು ಆಡಿದ ಮಾತೂ ಹಾಗೇ ಇದೆ. ಬಂದುಬಿಡು.

ನಿನ್ನ ದೊಡ್ಡಮ್ಮ

(ಕೆಳಗೆ ಬೇರೆ ಕೈಬರಹದಲ್ಲಿ) ಕಂಡಕ್ಟರ್ ನಿನ್ನ ಹಳೇ ಚಪ್ಪಲಿ ಮೇಲೆ ಮಲಗ್ತಾನೆ. ಎಬ್ಬಿಸಿದ್ರೆ ಕಚ್ತಾನೆ. – ಡ್ರೈವರ್


ಫೆಬ್ರುವರಿ 24

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆದಿದ್ದೀರಿ. ಯಾವುದಕ್ಕೆ?

ಹೊರಗಿನದು ಏನೇ ಬರಲಿ, ಗೊಬ್ಬರವಿರಲಿ, ಹುಲ್ಲಿರಲಿ, ಮಡಿಗೆ ಹಾಕುವ ಮೊದಲು ಒಂದು ಹಿಡಿಯನ್ನು ಕುಂಡದ ಮಣ್ಣಿಗೆ ಬೆರೆಸಿ ಬೀನ್ಸ್ ಊರಬೇಕು. ಮೂರು ವಾರ ಕಾಯಬೇಕು. ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಒಳಗೆ, ಮುದುಡಿದರೆ ಹೊರಗೆ. ಈ ನಿಯಮ ಮಾಡಿದವರು ನೀವು. ಲಾಯದ ಗೊಬ್ಬರಕ್ಕೆ ನಾನು ಮೂರು ವಾರ ಕಾದೆ. ನನ್ನ ಕೋಣೆಯ ಕಿಟಕಿಯಲ್ಲಿ ಕುಂಡ ಇಟ್ಟಿದ್ದೆ. ಎಲೆ ನೆಟ್ಟಗೇ ಬಂತು. ಆ ಶನಿವಾರ ಅದನ್ನು ಹೇಳಲು ಬಾಯಿ ತೆರೆದೆ. "ಬಾಯಿ ಮುಚ್ಚು" ಎಂದಿರಿ. ಹದಿನಾರು ಜನ ನೋಡುತ್ತಿದ್ದರು.

ಅದೇ ತಿಂಗಳು ಗೇಟಿನ ಒಳಗೆ ಇನ್ನೊಂದು ಬಂದಿತ್ತು. ಆ ಮಡಿಗಳಿಗೆ ಹೊದಿಸಲು ನೀವು ತರಿಸಿದ ನಲವತ್ತು ಹೊರೆ ಒಣಹುಲ್ಲು. ಅದಕ್ಕೆ ಯಾರೂ ಕುಂಡ ಇಡಲಿಲ್ಲ.

ಈಗ ಮೂರು ಕುಂಡ ಇಡಿ. ಒಂದರಲ್ಲಿ ಬರೀ ಮಣ್ಣು. ಒಂದರಲ್ಲಿ ನನ್ನ ಗೊಬ್ಬರ, ಅದು ಶೆಡ್ಡಿನ ಹಿಂದೆ ಇನ್ನೂ ಎರಡು ಬುಟ್ಟಿ ಇದೆ. ಒಂದರಲ್ಲಿ ನಿಮ್ಮ ಹುಲ್ಲು. ಇಟ್ಟು ನೋಡಿ ಬರೆಯಿರಿ. ಇಡುವುದಿಲ್ಲವಾದರೆ ಬರೆಯಬೇಡಿ.

ದೊಡ್ಡಪ್ಪನಿಗೆ ನಮಸ್ಕಾರ. ಕಂಡಕ್ಟರ್‌ಗೆ ಚಪ್ಪಲಿ ಬಿಟ್ಟುಕೊಟ್ಟಿದ್ದೇನೆ ಎಂದು ಹೇಳಿ.

ನಿಮ್ಮ ತಂಗಿಯ ಮಗಳು


ಮಾರ್ಚ್ 3

ಮಗಾ ಸೂಜೀ,

ನಾನು ಕಾಗದ ಬರೆದದ್ದು ಇಷ್ಟು ವರ್ಷದಲ್ಲಿ ಡಿಪೋ ಮ್ಯಾನೇಜರ್‌ಗೆ ಮಾತ್ರ, ಅದೂ ರಜೆಗೆ. ತಪ್ಪಿದ್ದರೆ ಹೊಂದಿಸಿಕೊ.

ನಿನ್ನ ಕಾಗದ ಓದಿ ನಿನ್ನ ದೊಡ್ಡಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನೇನು ಮಾಡಿದೆ ಎಂದು ಕೇಳಿದೆ. "ಓದುವಾಗ ತಲೆ ಆಡಿಸಿದ್ರಿ" ಎಂದಳು. ಮೂರನೆಯ ದಿನ ತಾನೇ ಶುರು ಮಾಡಿದಳು: "ನೀವು ಅಂತ ಬರೆದಿದಾಳೆ ರೀ. ನನ್ನ ಮಡಿಲಲ್ಲಿ ಉಚ್ಚೆ ಹೊಯ್ದು ಬೆಳೆದೋಳು, ನನಗೆ ನೀವು ಅಂತಾಳೆ."

ಕುಂಡ ಇಡೋಣವೇ ಎಂದೆ. "ಆ ಹುಲ್ಲು ಕೊಟ್ಟೋನು ಯಾರು? ಸ್ಕೂಲಿನ ಚಡ್ಡಿಯಿಂದ ಮದುವೆ ಕೋಟಿನವರೆಗೆ ನಾನೇ ಹೊಲಿದುಕೊಟ್ಟ ಹುಡುಗ. ಗೊತ್ತಿರೋರು ಪ್ರೀತಿಯಿಂದ ಕೊಟ್ಟಿದ್ದಕ್ಕೆ ಪರೀಕ್ಷೆ ಇಡೋದಾ? ನಾಚಿಕೆ ಆಗಲ್ವಾ?" ಎಂದು ಎದ್ದು ಹೋದಳು.

ನನಗೆ ನಾಚಿಕೆ ಆಗಲಿಲ್ಲ. ಬಾತುಗಳ ಮನೆಯ ಹಿಂದೆ ಮೂರು ಕುಂಡ ಇಟ್ಟಿದ್ದೇನೆ. ರೂಟ್ ನಂಬರ್ ಹಾಕಿದ್ದೇನೆ. 1 ಬರೀ ಮಣ್ಣು, 2 ನಿನ್ನ ಗೊಬ್ಬರ, 3 ಅವಳ ಹುಲ್ಲು. ಅವಳಿಗೆ ಗೊತ್ತಿಲ್ಲ. ಒಂದೊಂದರಲ್ಲಿ ನಾಲ್ಕು ಬೀಜ. ಮೂರನೆಯದರಲ್ಲಿ ಒಂದನ್ನು ಕಂಡಕ್ಟರ್ ತಿಂದ, ಈಗ ಮೂರು.

ನಿಧಾನಕ್ಕೆ ಓಡಿಸೋಣ. ಬ್ರೇಕ್ ಮೇಲೆ ಕಾಲಿರಲಿ, ಆದರೆ ಇಂಜಿನ್ ಆಫ್ ಮಾಡಬೇಡ.

ನಿನ್ನ ದೊಡ್ಡಪ್ಪ, ಡ್ರೈವರ್


ಏಪ್ರಿಲ್ 2

ಸೂಜೀ,

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿದೆ. ಇದು ಐದನೆಯದು. ಇದು ಹೇಗಿದ್ದರೂ ಕಳಿಸುತ್ತೇನೆ.

ಒಂಬತ್ತನೆಯ ದಿನಕ್ಕೆ ಕುಂಡಗಳು ನನ್ನ ಕಣ್ಣಿಗೆ ಬಿದ್ದವು. ಬಾತುಮೊಟ್ಟೆ ಹುಡುಕುತ್ತ ಹಿಂದಕ್ಕೆ ಹೋಗಿದ್ದೆ. ಮೂರರಲ್ಲೂ ಬೀನ್ಸ್ ಇನ್ನೂ ಬೆನ್ನು ಬಾಗಿಸಿಕೊಂಡೇ ಮಣ್ಣಿನಿಂದ ಏಳುತ್ತಿತ್ತು. ಎತ್ತಿ ಬಿಸಾಡೋಣ ಎಂದು ಮೂರನೆಯದಕ್ಕೆ ಕೈ ಹಾಕಿದೆ. ಆಮೇಲೆ ಅನ್ನಿಸಿತು, ಈ ಮನುಷ್ಯ ನೆರಳಿನಲ್ಲಿ ಇಟ್ಟಿದ್ದಾರೆ, ಇಲ್ಲಿ ಯಾವ ಎಲೆ ತಾನೆ ಸರಿಯಾಗಿ ಬಂದೀತು, ಆಮೇಲೆ ನನ್ನ ಹುಲ್ಲಿನ ಮೇಲೆ ತಪ್ಪು ಹೊರಿಸುತ್ತಾರೆ ಎಂದು. ನಾನೇ ಮೂರನ್ನೂ ಹೊತ್ತುಕೊಂಡು ಹೋಗಿ ಗೇಟಿನ ಗೋಡೆಯ ಮೇಲೆ ಬಿಸಿಲಿಗೆ ಇಟ್ಟೆ. ನಿಜ ಹೇಳಬೇಕೆಂದರೆ, ನಾನು ಗೆಲ್ಲಬೇಕು ಎಂದೇ ಇಟ್ಟದ್ದು. ದಿನಾ ಮೂರು ಹೊತ್ತು ಹೋಗಿ ನೋಡುತ್ತಿದ್ದೆ.

ಹದಿನಾಲ್ಕನೆಯ ದಿನ ಒಂದನೆಯದು ಅಂಗೈ ಬಿಚ್ಚಿದ ಹಾಗೆ ಎಲೆ ಬಿಚ್ಚಿತು. ಎರಡನೆಯದು, ನಿನ್ನದು, ಅದಕ್ಕಿಂತ ದಪ್ಪ, ಕಡುಹಸಿರು. ಮೂರನೆಯದು ಬಿಚ್ಚಲೇ ಇಲ್ಲ. ಅಂಚುಗಳನ್ನು ಒಳಗೆ ಎಳೆದುಕೊಂಡು ಸುರುಳಿಯಾಯಿತು. ಎಲೆಯಲ್ಲಿ ಅದೇ ಮುಷ್ಟಿ. ಮೂರು ಗಿಡಕ್ಕೆ ಮೂರೂ ಹಾಗೇ.

ದೊಡ್ಡಪ್ಪ ಹಿಂದೆ ಬಂದು ನಿಂತರು. ಮೂರನೆಯ ಕುಂಡವನ್ನು ಬಗ್ಗಿ ನೋಡಿ ಬಾತುಗಳ ಕಡೆ ನಡೆದರು. ಒಂದು ಮಾತು ಆಡಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮರುದಿನ ಆ ಹುಲ್ಲು ಕೊಟ್ಟ ಹುಲ್ಲುಗಾವಲಿನವನ ಹತ್ತಿರ ಹೋದೆ. ಬಾಗಿಲಲ್ಲೇ ಸಿಕ್ಕಿದ.

"ಬನ್ನಿ ಅಮ್ಮಾ, ಬನ್ನಿ. ನೀವು ಹೊಲಿದ ಕೋಟು ಇನ್ನೂ ಇದೆ, ನಾನೇ ಅದರೊಳಗೆ ಹಿಡಿಸಲ್ಲ."

"ಹೋದ ವರ್ಷ ಹುಲ್ಲಿಗೆ ಏನಾದ್ರೂ ಹೊಡೆದಿದ್ಯೇನಪ್ಪಾ?"

"ಹೊಡೆದಿದ್ದೆ. ಮುಳ್ಳುಕಳೆ ಎದ್ದಿತ್ತಲ್ಲ. ಹುಲ್ಲಿಗೆ ಏನೂ ಆಗಲ್ಲ ಅಂತ ಡಬ್ಬದ ಮೇಲೇ ಬರೆದಿತ್ತು. ಯಾಕೆ, ಹುಲ್ಲಿಗೆ ಏನಾದ್ರೂ ಆಯ್ತಾ?"

"ಹುಲ್ಲಿಗೆ ಏನೂ ಆಗ್ಲಿಲ್ಲ."

"ಮತ್ತೆ?"

"ನನಗಾಯ್ತು" ಎಂದೆ. ಅವನಿಗೆ ಅರ್ಥವಾಗುವ ಹಾಗೆ ಎಲ್ಲ ಹೇಳಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡ. "ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಅಮ್ಮಾ" ಎಂದ. ಹೌದು. ಒಂದು ಮಾತು ಕೇಳಿರಲಿಲ್ಲ. ಅವನನ್ನೂ ಕೇಳಲಿಲ್ಲ, ಹೇಳಲು ಬಂದ ನಿನ್ನನ್ನೂ ಕೇಳಲಿಲ್ಲ.

ಎಲ್ಲರ ಎದುರಿಗೆ ಬೈದದ್ದನ್ನು ಗುಟ್ಟಾಗಿ ಹಿಂದಕ್ಕೆ ತೆಗೆದುಕೊಂಡರೆ ಏನು ಬಂತು? ಶನಿವಾರದವರೆಗೆ ಕಾದೆ. ಹದಿನಾಲ್ಕು ಜನ ಬಂದಿದ್ದರು. ಗೊಬ್ಬರದ ಪಾಠ ಇತ್ತು. ಎಲ್ಲರನ್ನೂ ಗೇಟಿಗೆ ಕರೆದುಕೊಂಡು ಹೋಗಿ ಕುಂಡಗಳನ್ನು ತೋರಿಸಿದೆ. ಯಾವುದರಲ್ಲಿ ಏನಿದೆ ಎಂದು ಹೇಳಿದೆ. ಆ ದಿನ ಬೈದವಳು ನಾನು, ತಪ್ಪು ಮಾಡಿದವಳೂ ನಾನು, ಅವಳು ನಿಯಮ ಪಾಲಿಸಿದ್ದಳು, ನಾನು ಮುರಿದೆ ಎಂದೆ. ಮೊದಲ ಸಾಲಿನಲ್ಲಿ ಕೂರುತ್ತಾರಲ್ಲ ಕನ್ನಡಕದ ಮೇಷ್ಟ್ರು, ಅವರು ಎಲ್ಲವನ್ನೂ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, "ಇದನ್ನೂ ಬರ್ಕೋಬೇಕಾ?" ಎಂದರು. "ಇದನ್ನೇ ಬರ್ಕೊಳ್ಳಿ" ಎಂದೆ.

ಹನ್ನೆರಡನೆಯ ವಯಸ್ಸಿನಲ್ಲಿ ನೀನು ಮೊದಲ ಜೇಬು ಹೊಲಿದೆ. ಓರೆಯಾಗಿತ್ತು. ಬಿಚ್ಚಿಸಿದೆ. ಮತ್ತೆ ಓರೆಯಾಯಿತು, ಮತ್ತೆ ಬಿಚ್ಚಿಸಿದೆ. ನಾಲ್ಕು ಸಲ. ನೀನು ಅಳುತ್ತಲೇ ಬಿಚ್ಚಿದೆ. ಈಗ ಬಿಚ್ಚುವ ಸರದಿ ನನ್ನದು, ನೋಡು ಎಷ್ಟು ಸಮಯ ತೆಗೆದುಕೊಂಡೆ.

ಕ್ಷಮಿಸಿದ್ದೇನೆ ಎಂದು ಬರೆದೆನಲ್ಲ, ಆ ಸಾಲನ್ನು ಹೊಡೆದುಹಾಕು. ಕ್ಷಮೆ ಕೇಳಬೇಕಾದವಳು ನಾನು, ಕೇಳುತ್ತಿದ್ದೇನೆ. ಬಾ ಎಂದೂ ಕರೆಯುವುದಿಲ್ಲ. ಅದಕ್ಕೆ ನನಗೆ ಈಗ ಬಾಯಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಆ ನಾಲ್ಕು ಮಡಿಗಳನ್ನು ಏನು ಮಾಡಲಿ?

ದೊಡ್ಡಮ್ಮ


ಏಪ್ರಿಲ್ 20

ದೊಡ್ಡಮ್ಮನಿಗೆ,

ನಿಮ್ಮ ಕಾಗದವನ್ನು ಕೆಲಸದ ಮಧ್ಯೆ ಇಸ್ತ್ರಿ ಯಂತ್ರದ ಪಕ್ಕದಲ್ಲಿ ನಿಂತು ಓದಿದೆ. ಕಣ್ಣಿಗೆ ಹಬೆ ಹೋಯಿತು ಎಂದು ಪಕ್ಕದವಳಿಗೆ ಹೇಳಿದೆ. ಅವಳು ನಂಬಲಿಲ್ಲ.

ಮಡಿಗಳ ವಿಷಯ. ಮೇಲೆ ಉಳಿದ ಹುಲ್ಲನ್ನೆಲ್ಲ ಕೆರೆದು ತೆಗೆಯಿರಿ. ಗೊಬ್ಬರದ ಗುಡ್ಡೆಗೆ ಒಂದು ಎಳೆಯೂ ಹೋಗಬಾರದು. ಕೆಳಗಿನ ಬೇಲಿಯ ಆಚೆ, ಏನೂ ಬೆಳೆಯದ ಕಲ್ಲಿನ ಜಾಗದಲ್ಲಿ ರಾಶಿ ಹಾಕಿ. ನಾಲ್ಕೂ ಮಡಿಗೆ ಮುಸುಕಿನ ಜೋಳ ಬಿತ್ತಿ. ಆ ವಿಷ ಹುಲ್ಲಿನ ಜಾತಿಯ ಗಿಡಗಳನ್ನು ಮುಟ್ಟುವುದಿಲ್ಲ, ಜೋಳವೂ ಅದೇ ಜಾತಿ. ಜೋಳದ ಕಡ್ಡಿಯನ್ನೂ ಗುಡ್ಡೆಗೆ ಹಾಕಬೇಡಿ. ಮಣ್ಣು ಒಣಗಲು ಬಿಡಬೇಡಿ, ಆಗಾಗ ಕೆದಕಿ ಗಾಳಿ ಆಡಿಸಿ. ಮಣ್ಣಿನೊಳಗಿನ ಜೀವಗಳು ನಿಧಾನವಾಗಿ ಅದನ್ನು ತಿಂದು ಮುಗಿಸುತ್ತವೆ. ಕೆಲವು ತಿಂಗಳಿಗೊಮ್ಮೆ ಆ ಮಡಿಗಳ ಮಣ್ಣನ್ನೇ ಕುಂಡಕ್ಕೆ ತುಂಬಿ ಬೀನ್ಸ್ ಊರಿ ನೋಡಿ. ಗ್ರಂಥಾಲಯದಲ್ಲಿ ಎರಡು ಭಾನುವಾರ ಕೂತು ಇದನ್ನೆಲ್ಲ ಓದಿದ್ದೇನೆ.

ಬೀನ್ಸ್ ನೆಟ್ಟಗೆ ಬಂದ ದಿನ ಬರೆಯಿರಿ. ಆಗ ಬರುತ್ತೇನೆ. ಅದಕ್ಕೆ ಮುಂಚೆ ಆಗುವುದಿಲ್ಲ ದೊಡ್ಡಮ್ಮ. ಗೇಟು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಆ ಮಡಿಗಳೇ. ಅವನ್ನು ಹಾಗೆ ನೋಡಿಕೊಂಡು ಒಳಗೆ ಬರಲು ನನ್ನ ಕಾಲು ಏಳುವುದಿಲ್ಲ.

ಇನ್ನೊಂದು ವಿಷಯ. ಇಲ್ಲಿ ನನ್ನನ್ನು ಬಟ್ಟೆ ಮಡಚುವ ವಿಭಾಗಕ್ಕೆ ಮೇಲ್ವಿಚಾರಕಿ ಮಾಡುತ್ತಾರಂತೆ. ನವೆಂಬರ್ ಕೊನೆಯ ದಿನ ಸಹಿ ಹಾಕಬೇಕು. ಹಾಕಿದರೆ ಮೂರು ವರ್ಷ ಬಿಡುವ ಹಾಗಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಿಮಗೆ ಗೊತ್ತಿರಲಿ ಎಂದು ಅಷ್ಟೇ.

ಸೂಜಿ


ಜುಲೈ 11

ಸೂಜೀ,

ಕೆಳಗೆ "ಸೂಜಿ" ಎಂದು ಸಹಿ ಹಾಕಿದ್ದೀಯ. ಅದನ್ನು ದೊಡ್ಡಪ್ಪನಿಗೆ ಮೂರು ಸಲ ತೋರಿಸಿದೆ. "ನಾನು ಮೊದಲ ಸಲವೇ ನೋಡ್ದೆ" ಎಂದರು.

ಹುಲ್ಲು ಕೆರೆದು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಸಣ್ಣ ಸ್ಟೂಲಿನ ಮೇಲೆ ಕೂತು, ಮಡಿಯ ಉದ್ದಕ್ಕೂ ಸ್ಟೂಲನ್ನು ಸರಿಸಿಕೊಂಡು, ದಾರದ ತುಂಡು ಆರಿಸಿದ ಹಾಗೆ ಎಳೆ ಎಳೆಯಾಗಿ ಆರಿಸಿದೆ. ಜೋಳ ಈಗ ನನ್ನ ಎದೆಯೆತ್ತರ ಬಂದಿದೆ. ಹೋದ ವರ್ಷದಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಜಾಗದಲ್ಲಿ ಈಗ ಬೆಳಿಗ್ಗೆ ಹೋಗಿ ನಿಲ್ಲುತ್ತೇನೆ. ಗಾಳಿ ಬೀಸಿದರೆ ಹೊಸ ಬಟ್ಟೆ ಬಿಚ್ಚಿದ ಸದ್ದು.

ಜೂನ್‌ನಲ್ಲಿ ಮಡಿಗಳ ಮಣ್ಣು ತುಂಬಿ ಮೂರು ಕುಂಡ ಇಟ್ಟೆ. ಈ ಸಲ ಒಂದೊಂದರಲ್ಲಿ ಒಂದೇ ಬೀಜ, ಕಂಡಕ್ಟರ್‌ಗೆ ಸಿಗದ ಹಾಗೆ ಮೇಲೆ ಬಲೆ. ಮೂರೂ ಮುದುಡಿದವು. ಹೋದ ಸಲದಷ್ಟು ಅಲ್ಲ, ಆದರೂ ಮುದುಡಿದವು. "ಇದು ಮುಷ್ಟಿ ಅಲ್ಲ, ಬೆರಳು ಸ್ವಲ್ಪ ಬಾಗಿಸಿದ ಹಾಗಿದೆ, ಲೆಕ್ಕಕ್ಕೆ ಇಲ್ಲ" ಎಂದರು ದೊಡ್ಡಪ್ಪ. ನಾನು ಮುದುಡಿದೆ ಎಂದೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ.

ಶನಿವಾರದವರು ಈಗ ಬಂದ ಕೂಡಲೇ ಮೊದಲು ಕುಂಡ ನೋಡುತ್ತಾರೆ. ಆಮೇಲೆ ನಿನ್ನ ಕ್ಷೇಮ ಕೇಳುತ್ತಾರೆ. ಮೇಷ್ಟ್ರು ತಮ್ಮ ಹಿತ್ತಿಲಿಗೆ ಯಾರೋ ಕೊಟ್ಟ ಗೊಬ್ಬರಕ್ಕೆ ಕುಂಡ ಇಟ್ಟು ನೋಡಿದರಂತೆ. ಕೊಟ್ಟವರು ಅವರ ಸ್ವಂತ ಅಣ್ಣ. "ಅಣ್ಣ ಬೇಜಾರು ಮಾಡ್ಕೊಂಡ್ನಾ?" ಎಂದೆ. "ಮಾಡ್ಕೊಂಡ. ಆಮೇಲೆ ತಾನೂ ಇಟ್ಟ" ಎಂದರು.

ಗೊಬ್ಬರದ ಗುಡ್ಡೆಯ ಬಲಗಡೆ ಹಾಗೇ ಇದೆ. ಅದನ್ನು ಬೇರೆಯವರ ಕೈಯಲ್ಲಿ ಮಗುಚಿಸಲು ಮನಸ್ಸು ಬರುವುದಿಲ್ಲ.

ದೊಡ್ಡಮ್ಮ


ನವೆಂಬರ್ 8

ಸೂಜೀ,

ಇದೇ ದಿನಾಂಕ ಹಾಕಿ ಬೆಳಿಗ್ಗೆ ಇನ್ನೊಂದು ಕಾಗದ ಬರೆದಿದ್ದೆ. ಅದು ಒಂದೇ ಸಾಲಿನದು: "ಬೀನ್ಸ್ ನೆಟ್ಟಗೆ ಬಂತು, ಬಾ." ಲಕೋಟೆಗೂ ಹಾಕಿದ್ದೆ.

ಜೋಳ ಕೊಯ್ದು ಮುಗಿಸಿ, ಅಕ್ಟೋಬರ್ ಹದಿನೈದಕ್ಕೆ ಮೂರನೆಯ ಸಲ ಕುಂಡ ಇಟ್ಟೆ. ಒಂದನೆಯದು, ಮೊದಲ ಎರಡು ಮಡಿಗಳ ಮಣ್ಣು ಬೆರೆಸಿದ್ದು, ನೆಟ್ಟಗೆ. ಎರಡನೆಯದು, ಮೂರನೆಯ ಮಡಿಯದು, ನೆಟ್ಟಗೆ. ನಾಲ್ಕು ಎಲೆ ಬಂದರೂ ನೆಟ್ಟಗೆ. ನಾನು ಗೋಡೆಯ ಹತ್ತಿರ ಕುಣಿಯುವುದೊಂದು ಬಾಕಿ, ಮಂಡಿ ಬೇಡವೆಂದಿತು. ಮೂರನೆಯದು ನಾಲ್ಕನೆಯ ಮಡಿಯ ಮಣ್ಣು, ಹುಲ್ಲಿನ ಹೊರೆಗಳನ್ನು ಮೊದಲು ಇಳಿಸಿ ಪೇರಿಸಿದ್ದೆವಲ್ಲ, ಅಲ್ಲಿಯದು. ಅದರಲ್ಲಿ ಮೊದಲ ಮೂರು ಎಲೆ ಸರಿಯಾಗಿವೆ. ನಾಲ್ಕನೆಯ ಎಲೆ ಅಂಚಿನಲ್ಲಿ ಸ್ವಲ್ಪ ಒಳಕ್ಕೆ ಮಡಚಿದೆ. ಪ್ಯಾಂಟಿನ ಕಾಲಿನ ಅಂಚು ಒಳಗೆ ಮಡಚಿದಷ್ಟು. ಬೆರಳ ಉಗುರಿನಷ್ಟು.

ದೊಡ್ಡಪ್ಪ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದು ಬಿಸಿಲಿಗೆ ಆಗಿರೋದು ಕಣೇ."

"ಪಕ್ಕದ ಎರಡಕ್ಕೆ ಬಿಸಿಲು ಬೀಳ್ಲಿಲ್ವಾ?"

"ಹನ್ನೊಂದು ಎಲೆ ನೆಟ್ಟಗಿದೆ. ಒಂದು ಎಲೆಗೋಸ್ಕರ ಬಸ್ಸು ಬಿಟ್ಟುಬಿಡ್ತೀಯಾ? ಮೂವತ್ತಕ್ಕೆ ಅವಳು ಸಹಿ ಹಾಕ್ತಾಳೆ. ಇನ್ನೊಂದು ಸಲ ಕುಂಡ ಇಟ್ಟು ಕಾಯೋಕೆ ಟೈಮ್ ಇಲ್ಲ."

ಅವರು ಹೇಳಿದ್ದು ನಿಜ. ಟೈಮ್ ಇಲ್ಲ. ಅದಕ್ಕೇ ಆ ಒಂದು ಸಾಲಿನ ಕಾಗದ ಬರೆದದ್ದು. ಅಂಚೆ ಡಬ್ಬಿಯವರೆಗೂ ಹೋದೆ. ಲಕೋಟೆಯನ್ನು ಅರ್ಧ ಒಳಗೆ ಹಾಕಿದ್ದೆ. ಆಗ ನಿನ್ನ ಓರೆ ಜೇಬು ನೆನಪಾಯಿತು. ಮೂರನೆಯ ಸಲ ಅದು ಹೆಚ್ಚು ಕಡಿಮೆ ಸರಿಯಾಗೇ ಇತ್ತು, ಗೊತ್ತಾ? ಬೇರೆಯವರು ನೋಡಿದ್ದರೆ ಓರೆ ಎನ್ನುತ್ತಿರಲಿಲ್ಲ. ನಾನು ಆಗಲೂ ಬಿಚ್ಚಿಸಿದ್ದೆ.

ಹಿಂದಕ್ಕೆ ಎಳೆದುಕೊಂಡು ಹರಿದೆ.

ಆದ್ದರಿಂದ ಇರುವುದನ್ನು ಇರುವ ಹಾಗೆ ಬರೆಯುತ್ತೇನೆ. ಮೂರು ಮಡಿ ಗುಣವಾಗಿವೆ. ನಾಲ್ಕನೆಯದು ಇನ್ನೂ ಆಗಿಲ್ಲ, ಒಂದೆಲೆ ಅಂಚಿನಲ್ಲಿ ಮುದುಡಿದೆ. ಆ ಎಲೆಯನ್ನೇ ಕಿತ್ತು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಕೈ ಸೇರುವಷ್ಟರಲ್ಲಿ ಒಣಗಿರುತ್ತದೆ, ಆದರೂ ಮಡಿಕೆ ಕಾಣುತ್ತದೆ. ನೀನು ಹೇಳಿದ ಷರತ್ತು ಪೂರ್ತಿ ಆಗಲಿಲ್ಲ. ಸಹಿ ಹಾಕುವುದಾದರೆ ಹಾಕು ಮಗಳೇ, ಒಳ್ಳೆಯ ಕೆಲಸ, ನಿನಗೆ ತಕ್ಕದ್ದು. ನಾಲ್ಕನೆಯ ಮಡಿಗೆ ಇನ್ನೊಂದು ಸಲ ಜೋಳ ಹಾಕುತ್ತೇನೆ. ಮೂರು ವರ್ಷವಾದ ಮೇಲೆ ಬಂದರೂ ಮಡಿ ಇಲ್ಲೇ ಇರುತ್ತದೆ.

ಕೋಟಿಗೆ ಹಳದಿ ಗುಂಡಿ ಹೊಲಿದಿದ್ದೇನೆ. ಬೇಕಾದರೆ ಪಾರ್ಸೆಲ್ ಮಾಡಿ ಕಳಿಸುತ್ತೇನೆ.

ದೊಡ್ಡಮ್ಮ

(ಬೇರೆ ಕೈಬರಹ) ಅಂಚೆ ಡಬ್ಬಿ ಹತ್ರ ನಾನೂ ಇದ್ದೆ. ಹರಿಯಬೇಡ ಅಂತ ಹೇಳ್ದೆ. ಕೇಳ್ಲಿಲ್ಲ. – ಡ್ರೈವರ್


ನವೆಂಬರ್ 19

ದೊಡ್ಡಮ್ಮಾ,

ಎಲೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಮುದುಡಿದೆ. ನೀನು ಹೇಳಿದ್ದು ಸರಿ, ಬಿಸಿಲಿಗೆ ಆದದ್ದಲ್ಲ.

ಮೂರೂ ಕುಂಡ ನೆಟ್ಟಗೆ ಎಂದು ಬರೆದಿದ್ದರೆ ನಾನು ಬರುತ್ತಿದ್ದೆ, ಹೇಳಿದ ಮಾತಿಗೆ. ಬಂದು ನಾಲ್ಕನೆಯ ಮಡಿಗೆ ನಾನೇ ಒಂದು ಕುಂಡ ಇಡುತ್ತಿದ್ದೆ, ನಿನಗೆ ಗೊತ್ತಿಲ್ಲದ ಹಾಗೆ. ಅದು ಮುದುಡಿದ ಮೇಲೆ ನಮ್ಮಿಬ್ಬರ ನಡುವೆ ಏನು ಉಳಿಯುತ್ತಿತ್ತೋ.

ಈಗ ಷರತ್ತು ಬಿಟ್ಟು ಬರುತ್ತಿದ್ದೇನೆ. ಮೇಲ್ವಿಚಾರಕಿಯ ಕೆಲಸಕ್ಕೆ ಪಕ್ಕದವಳ ಹೆಸರು ಹೇಳಿದ್ದೇನೆ, ಹಬೆಯ ಮಾತು ನಂಬದವಳು. ಅವಳ ಕಣ್ಣು ಚುರುಕಾಗಿದೆ. ಇಪ್ಪತ್ತೇಳಕ್ಕೆ, ಹನ್ನೊಂದು ಗಂಟೆಗೆ ತಲುಪುವ ಬಸ್ಸಿಗೆ ಬರುತ್ತೇನೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಆ ಬೆಳಿಗ್ಗೆ ಹೋಗುವಾಗ ಕೋಟು ಬಿಟ್ಟೆ, ಚಪ್ಪಲಿ ಬಿಟ್ಟೆ, ಕಿಟಕಿಯ ಕುಂಡ ಮಾತ್ರ ತಂದೆ. ಲಾಯದ ಗೊಬ್ಬರದ ಕುಂಡ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆ ಗಿಡ ಕಾಯಿ ಬಿಟ್ಟು ಒಣಗಿತು, ಅದರ ಬೀಜವನ್ನು ಊರಿದೆ, ಆ ಗಿಡದ ಬೀಜವನ್ನೂ ಮತ್ತೆ ಊರಿದೆ. ಈಗ ಇರುವುದು ಅದರ ಮೊಮ್ಮಗಳು. ಹೂ ಬಿಟ್ಟಿದೆ.

ಕೋಟು ಕಳಿಸಬೇಡ. ಅಲ್ಲೇ ಹಾಕಿಕೊಳ್ಳುತ್ತೇನೆ.

ನಿನ್ನ ಸೂಜಿ


(ನವೆಂಬರ್ 27. ಗೇಟಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದ ಚೀಟಿ)

ಸೂಜೀ,

ಗೇಟಿಗೆ ಬೀಗ ಹಾಕಿಲ್ಲ, ನೂಕು. ದೊಡ್ಡಪ್ಪ ಬಸ್ ನಿಲ್ದಾಣಕ್ಕೆ ಹತ್ತು ಗಂಟೆಗೇ ಹೋಗಿದ್ದಾರೆ. ನಿನ್ನ ಬಸ್ಸಿನ ಡ್ರೈವರ್ ಜೊತೆ ಮಾತಿಗೆ ನಿಂತರೆ ಅವರನ್ನು ಅಲ್ಲೇ ಬಿಟ್ಟು ಬಾ, ದಾರಿ ಗೊತ್ತು ಅವರಿಗೆ.

ನಾನು ನಾಲ್ಕನೆಯ ಮಡಿಯಲ್ಲಿ ಜೋಳ ಬಿತ್ತುತ್ತಿರುತ್ತೇನೆ. ಸ್ಟೂಲಿನಿಂದ ಏಳಲು ಹೊತ್ತು ಹಿಡಿಯುತ್ತದೆ, ನಿನ್ನ ಹತ್ತಿರ ಓಡಿ ಬರಲಿಲ್ಲ ಎಂದು ತಪ್ಪು ತಿಳಿಯಬೇಡ. ನೀನೇ ಬಾ. ಬರುವಾಗ ಬಲಗಡೆ ನೋಡು, ಅರ್ಧ ಗುಡ್ಡೆ ಒಂದು ವರ್ಷದಿಂದ ಕಾದು ಕೂತಿದೆ. ಇವತ್ತೇ ಮಗುಚಬೇಕೆಂದಿಲ್ಲ. ಊಟ ಆದಮೇಲೂ ಆಗುತ್ತದೆ.

ಗೋಡೆಯ ಮೇಲೆ ಮೂರು ಕುಂಡ ಇವೆಯಲ್ಲ, ಅವನ್ನು ಸ್ವಲ್ಪ ಒತ್ತೊತ್ತಾಗಿ ಇಟ್ಟಿದ್ದೇನೆ. ಬಿಸಿಲು ಚೆನ್ನಾಗಿ ಬೀಳುವ ಕಡೆ ಒಂದರ ಜಾಗ ಖಾಲಿ ಇದೆ. ನಿನ್ನ ತೊಡೆಯ ಮೇಲಿನದನ್ನು ಅಲ್ಲಿ ಇಳಿಸು.

ದೊಡ್ಡಮ್ಮ